ನರವೆಂಬ ಜೀವತಂತು

ದೇಹದ ವಿಚಾರವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ವೈದ್ಯನಾದ ನನಗೆ ಅಪ್ಪಣೆಯಾಗಿದೆ. ಆ ವಿಚಾರವೆಲ್ಲವೂ ಒಂದು ಸಾಯಂಕಾಲಕ್ಕೆ ಮುಗಿಯತಕ್ಕುದಲ್ಲ. ಆದುದರಿಂದ ನರವೊಂದನ್ನೇ ಆರಿಸಿಕೊಂಡಿದ್ದೇನೆ.

ಮೊದಲು ಶಬ್ದದ ತೊಡಕನ್ನು ಬಿಡಿಸಿಕೊಳ್ಳಬೇಕು. ನಮ್ಮ ಆಡುಮಾತಿನಲ್ಲಿ ‘ನರ’ವೆಂಬುದು ಮೂರು ಪದಾರ್ಥಗಳಿಗೆ ಸಲ್ಲುತ್ತದೆ. ಮುಂಗೈಯ ಮೇಲೆ ನೀಲಿಯಾಗಿ ಉಬ್ಬಿ ಕಾಣುವುದನ್ನು ನರವೆನ್ನುತ್ತೇವೆ, ಅದು ರಕ್ತನಾಳ. ಹಿಮ್ಮಡಿಯ ಮೇಲೆ ಬಿಗಿದ ಹುರಿಯಂತೆ ಕೈಗೆ ಸಿಕ್ಕುವುದನ್ನೂ ನರವೆನ್ನುತ್ತೇವೆ. ಅದು ಮಾಂಸಖಂಡವನ್ನು ಎಲುಬಿಗೆ ಬಿಗಿಯುವ ಕಟ್ಟು. ಮೊಣಕೈಯ ಒಳಮಗ್ಗುಲು ಬಾಗಿಲಿನ ಅಂಚಿಗೆ ತಾಗಿದಾಗ ಕಿರುಬೆರಳಿನವರೆಗೆ ಝುಮ್ಮೆಂದು ಹರಿಯುವುದುಂಟಲ್ಲವೆ? ಅಲ್ಲಿ ಪೆಟ್ಟು ಬಿದ್ದುದು ನಿಜವಾದ ನರಕ್ಕೆ. ಅದು ಬೆಳ್ಳಗಿನ ಮೆತ್ತನೆಯ ಹುರಿ, ಟೊಳ್ಳಾದ ಕೊಳವೆಯಲ್ಲ. ಗ್ರೀಕ್ ವೈದ್ಯನಾದ ಗ್ಯಾಲೆನನು ನರಗಳಲ್ಲಿ ಒಂದು ಬಗೆಯ ಸೂಕ್ಷ್ಮವಾಯುವು ಸಂಚರಿಸುವುದೆಂದು ಬೋಧಿಸಿದನು; ಆತನ ಮಾತು ಯುರೋಪಿನಲ್ಲಿ ಸಾವಿರ ವರ್ಷಗಳಿಗೂ ಮೀರಿ ನಡೆಯಿತು.

ಈ ಹುರಿಯನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರೆ ಸಾವಿರಾರು ಎಳೆಗಳು ಕಟ್ಟುಕಟ್ಟಾಗಿ ಸೇರಿರುವುದು ಕಾಣುತ್ತದೆ. ಪ್ರತಿಯೊಂದು ಎಳೆಯೂ ಒಂದೇ ಒಂದು ಜೀವಕೋಶದ ಚಾಚಿದ ಬಾಹು. ಈ ಸಂಗತಿಯು ಸುಲಭವಾಗಿ ತಿಳಿದುಬಂದುದಲ್ಲ. ಇಟಲಿಯ ಗಾಲ್ಜಿ ಎಂಬ ಪಂಡಿತರು 1873ರಲ್ಲಿ ಬೆಳ್ಳಿಯ ಲವಣದಿಂದ ನರಕೋಶಗಳಿಗೆ ಬಣ್ಣಕಟ್ಟುವ ಉಪಾಯವನ್ನು ಪ್ರಕಟಿಸಿದರು. ಅದೇ ಉಪಾಯವನ್ನು ಹಿಡಿದು ಸ್ಪೇನಿನ ಕಹಾಲ್ ಎಂಬವರು 1888ರಿಂದ ಮುಂದೆ ಪ್ರತಿಯೊಂದು ನರಕೋಶವೂ ಪ್ರತ್ಯೇಕವಾದ ವ್ಯಕ್ತಿಯೆಂದು ತೋರಿಸಿಕೊಟ್ಟರು. ಗಾಲ್ಜಿಯವರಾದರೋ ಎಲ್ಲವೂ ಕೂಡಿ ಒಂದೇ ಬಲೆಯೆಂದು ನಂಬಿದ್ದರು. 1906ರಲ್ಲಿ ಇಬ್ಬರಿಗೂ ಸೇರಿ ನೊಬೆಲ್ ಬಹುಮಾನವು ದೊರೆಯಿತು. ಆ ಸಮಾರಂಭದ ಉಪನ್ಯಾಸದಲ್ಲಿಯೂ ಗಾಲ್ಜಿಯವರು ತಮ್ಮ ಹಟವನ್ನು ಬಿಡಲಿಲ್ಲ!

ನಮ್ಮ ಮೆದುಳಿನಲ್ಲಿ ಇಂಥ ಕೋಶಗಳು ಸುಮಾರು 8,600 ಕೋಟಿ. ಆದರೆ ಈ ದಿನ ನಾನು ತಮ್ಮ ಗಮನವನ್ನು ಸೆಳೆಯಬೇಕೆಂದಿರುವುದು ತಲೆಯ ಕಡೆಗಲ್ಲ, ಪಾದದ ಕಡೆಗೆ. ಕಾಲ್ಬೆರಳಿನ ಮಾಂಸವನ್ನಾಡಿಸುವ ಎಳೆಯು ಹುಟ್ಟುವುದು ಸೊಂಟದ ಮೇಲೆ, ಬೆನ್ನುಹುರಿಯಲ್ಲಿ. ಕಾಲ್ಬೆರಳಿನ ಸ್ಪರ್ಶವನ್ನು ತಿಳಿಸುವ ಎಳೆಯ ಕೋಶವಿರುವುದು ಬೆನ್ನುಮೂಳೆಯ ಮಗ್ಗುಲಿನ ಒಂದು ಗಂಟಿನಲ್ಲಿ. ಅಲ್ಲಿಂದ ಬೆರಳಿನ ತುದಿಗೆ ಒಂದು ಮೀಟರಿನಷ್ಟು ದೂರ. ಕೋಶದ ಒಡಲಾದರೋ ಒಂದು ಮಿಲಿಮೀಟರಿನ ಹತ್ತರಲ್ಲೊಂದು ಪಾಲನ್ನೂ ಸಾಮಾನ್ಯವಾಗಿ ಮೀರುವುದಿಲ್ಲ. ಆ ಒಡಲನ್ನು ನಿಂಬೆಯ ಹಣ್ಣಿನಷ್ಟೆಂದು ಭಾವಿಸಿದರೆ, ಬಾಹುವಿನ ಉದ್ದವು ಅರ್ಧ ಕಿಲೋಮೀಟರ್ ಆದೀತು.

ಈ ಬಾಹುವಿನಲ್ಲಿ ಸುದ್ದಿಯು ಓಡುವ ಬಗೆಯು ತಂತಿಯೊಳಗಿನ ವಿದ್ಯುತ್ತಿನಂತಲ್ಲ. ಎಳೆಯ ಗೋಡೆಯಲ್ಲಿರುವ ಬಾಗಿಲುಗಳು ತೆರೆದು, ಸೋಡಿಯಮ್ಮಿನ ವಿದ್ಯುತ್ಕಣಗಳು ಒಳನುಗ್ಗುತ್ತವೆ. ಅದರಿಂದ ಮುಂದಿನ ಬಾಗಿಲುಗಳು ತೆರೆಯುತ್ತವೆ. ಹೀಗೆ ಒಂದು ಅಲೆಯು ಸಾಗುತ್ತದೆ. ದಪ್ಪನಾದ ಎಳೆಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯುಂಟು. ಅಂಥವುಗಳಲ್ಲಿ ಅತ್ಯಂತ ಚುರುಕಾದವುಗಳ ವೇಗವು ಸೆಕೆಂಡಿಗೆ 120 ಮೀಟರಿನವರೆಗೂ ಇರುತ್ತದೆ. ಹೊದಿಕೆಯಿಲ್ಲದ ಸಣ್ಣ ಎಳೆಗಳಲ್ಲಿ ಸುಮಾರು ಒಂದು ಮೀಟರ್ ಮಾತ್ರ. ಹೊಸ್ತಿಲನ್ನು ಎಡವಿದವನಿಗೆ ತಾಗಿತೆಂಬುದು ಒಡನೆಯೇ ತಿಳಿದು, ‘ಅಯ್ಯೋ’ ಎನಿಸುವ ಕುದಿನೋವು ಒಂದು ಗಳಿಗೆ ತಡೆದು ಬರುವುದು ಇದರಿಂದಲೇ. ಬಿಸಿಪಾತ್ರೆಗೆ ತಾಗಿದ ಕೈಯನ್ನು ಬೆನ್ನುಹುರಿಯೇ ಹಿಂದೆಳೆಸುತ್ತದೆ. ಮೆದುಳಿಗೆ ವರದಿಯು ಆಮೇಲೆ ಹೋಗುತ್ತದೆ.

ಸುದ್ದಿಯು ಇಷ್ಟು ಬೇಗ ಓಡಿದರೂ ಅನ್ನವು ಅಷ್ಟು ಬೇಗ ಓಡುವುದಿಲ್ಲ. ಎಳೆಯನ್ನು ಜೀವಂತವಾಗಿಡುವ ಸಾಮಗ್ರಿಯಲ್ಲಿ ಬಹುಪಾಲು ಕೋಶದ ಒಡಲಿನಲ್ಲಿಯೇ ತಯಾರಾಗಿ, ಎಳೆಯುದ್ದಕ್ಕೂ ಸಾಗಿಬರಬೇಕು. ಅದರಲ್ಲಿ ಅತಿ ಬೇಗನೆ ಸಾಗುವುದಕ್ಕೆ ದಿನಕ್ಕೆ ಸುಮಾರು 40 ಸೆಂಟಿಮೀಟರ್. ನಿಧಾನದ ಸರಕಿಗೆ ದಿನಕ್ಕೆ ಕೆಲವೇ ಮಿಲಿಮೀಟರ್. ಕಾಲುವೆಯ ಕೊನೆಯ ಗದ್ದೆಯವನ ಕಷ್ಟವನ್ನು ಬಲ್ಲವರಿಗೆ ನಾನು ಹೆಚ್ಚು ಹೇಳಬೇಕಾದುದಿಲ್ಲ. ಮಧುಮೇಹದಲ್ಲಿ ರಕ್ತದ ಸಕ್ಕರೆಯು ವರ್ಷಗಟ್ಟಲೆ ಏರಿದ್ದರೆ ಎಳೆಗಳೂ ಅವುಗಳನ್ನು ಪೋಷಿಸುವ ಸಣ್ಣ ರಕ್ತನಾಳಗಳೂ ಕೆಡುತ್ತವೆ; ಆಗ ಮೊದಲು ಒಣಗುವುದು ಅತ್ಯಂತ ಉದ್ದವಾದ ಎಳೆಗಳ ತುದಿ. ಆದುದರಿಂದಲೇ ಎರಡೂ ಪಾದಗಳ ಬೆರಳುಗಳಲ್ಲಿ ಜೋಮು ಆರಂಭವಾಗಿ, ಕಾಲುಚೀಲವನ್ನು ತೊಟ್ಟಂತೆ ಮೇಲೇರುತ್ತದೆ. ಕೆಲವರಿಗೆ ಉರಿ, ಕೆಲವರಿಗೆ ಇರುವೆ ಹರಿದಂತೆ. ಎಷ್ಟೋ ಮಂದಿಗೆ ಏನೂ ಇಲ್ಲ. ಈ ಏನೂ ಇಲ್ಲದಿರುವಿಕೆಯೇ ಭಯಂಕರವಾದುದು. ನೋವಿಲ್ಲವೆಂದು ಅವರು ಸಂತೋಷಪಡುತ್ತಾರೆ!

ನೋವಿಲ್ಲದ ಅಂಗದ ಗತಿಯೇನೆಂಬುದನ್ನು ನಮಗೆ ಕಲಿಸಿದುದು ಕುಷ್ಠರೋಗ. ನಾರ್ವೆ ದೇಶದ ಹ್ಯಾನ್ಸನ್‌ರು 1873ರಲ್ಲಿ ಅದರ ರೋಗಾಣುವನ್ನು ಕಂಡುಹಿಡಿದರು. ಆ ಅಣುವು ನರದ ಎಳೆಗಳ ಹೊದಿಕೆಯ ಕೋಶಗಳನ್ನೇ ಹೊಕ್ಕು ಸ್ಪರ್ಶಜ್ಞಾನವನ್ನು ಕೆಡಿಸುತ್ತದೆ. ಬೆರಳುಗಳು ರೋಗದಿಂದಲೇ ಉದುರುವುವೆಂದು ಜನರು ನಂಬಿದ್ದರು. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್‌ರು, ಬೆರಳುಗಳನ್ನು ತಿನ್ನುತ್ತಿದ್ದುದು ಅರಿವಿಗೆ ಬಾರದ ಸುಟ್ಟಗಾಯ, ಉಜ್ಜುಗಾಯ, ರಾತ್ರಿಯಲ್ಲಿ ಇಲಿಯ ಕಡಿತ ಮೊದಲಾದುವೆಂದು ತೋರಿಸಿದರು. ಈಗ ಕುಷ್ಠಕ್ಕೆ ಸರಕಾರದ ಆಸ್ಪತ್ರೆಗಳಲ್ಲಿ ಔಷಧವು ಉಚಿತವಾಗಿ ದೊರೆಯುತ್ತದೆ. ಮುಟ್ಟಿದರೆ ತಿಳಿಯದ ಮಚ್ಚೆಯನ್ನು ಯಾರೂ ಬಚ್ಚಿಡಬೇಕಾದುದಿಲ್ಲ.

ಕತ್ತರಿಸಿದ ನರವು ಕೈಕಾಲುಗಳಲ್ಲಾದರೆ, ಕೋಶದ ಒಡಲು ಉಳಿದಿರುವಲ್ಲಿ, ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಮತ್ತೆ ಚಿಗುರಬಲ್ಲುದು. ಮೆದುಳು, ಬೆನ್ನುಹುರಿಗಳಲ್ಲಿ ಹೀಗೆ ಚಿಗುರುವುದಿಲ್ಲವೆಂದೇ ಹೇಳಬೇಕು. ಆದುದರಿಂದ ಲಕ್ವ ಹೊಡೆದವರಿಗೆ ಪಾರಿವಾಳದ ರಕ್ತವನ್ನು ಹಚ್ಚುತ್ತ ಕೂಡದೆ ಆ ಗಳಿಗೆಯಲ್ಲಿಯೇ ದೊಡ್ಡ ಆಸ್ಪತ್ರೆಗೆ ಒಯ್ಯತಕ್ಕುದು. ಹೆಪ್ಪನ್ನು ಕರಗಿಸುವ ಸಾಮಾನ್ಯವಾದ ಔಷಧಕ್ಕೆ ಅವಧಿಯು ನಾಲ್ಕೂವರೆ ಗಂಟೆ. ಮಧುಮೇಹದಿಂದ ಒಣಗಿದ ತುದಿಗಳೂ ಬಹುಮಟ್ಟಿಗೆ ಹಿಂದಿರುಗುವುದಿಲ್ಲ. ‘ನರದೌರ್ಬಲ್ಯ’ಕ್ಕೆಂದು ಗೋಡೆಗಳ ಮೇಲೆ ಜಾಹೀರಾತಾಗುವ ಲೇಹ್ಯಗಳನ್ನು ನಂಬಿ ಹಣವನ್ನು ಕಳೆದುಕೊಳ್ಳಬೇಡಿರಿ.

ಮನೆಯಲ್ಲಿ ಮಾಡತಕ್ಕ ಪರೀಕ್ಷೆಯೊಂದುಂಟು. ಇಂಗ್ಲೆಂಡಿನ ಇಪ್ಸ್‌ವಿಚ್ ಎಂಬ ಊರಿನ ವೈದ್ಯರು ರೂಢಿಗೆ ತಂದುದು. ಮಧುಮೇಹವಿರುವ ಹಿರಿಯರನ್ನು ಮಲಗಿಸಿ, ಕಣ್ಣು ಮುಚ್ಚಿಸಿ, ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ತಮ್ಮ ಬೆರಳಿನಿಂದ ಹಗುರವಾಗಿ ಒಂದೆರಡು ಸೆಕೆಂಡು ಮುಟ್ಟಬೇಕು, ಒತ್ತಬಾರದು, ತಟ್ಟಬಾರದು. ಆರು ತಾವುಗಳಲ್ಲಿ ಎರಡು ತಿಳಿಯದೆ ಹೋದರೂ ಆ ಪಾದಗಳು ಅಪಾಯದಲ್ಲಿವೆ, ವೈದ್ಯರಿಗೆ ತೋರಿಸಬೇಕು. ಅಂಥವರು ಬರಿಗಾಲಿನಲ್ಲಿ ಎಲ್ಲಿಯೂ, ಮನೆಯೊಳಗೂ, ನಡೆಯಬಾರದು. ಸ್ನಾನದ ನೀರಿನ ಬಿಸಿಯನ್ನು ಕಾಲಿನಿಂದ ನೋಡಬಾರದು. ದಿನವೂ ರಾತ್ರಿ ಅಂಗಾಲನ್ನು ಮೊಮ್ಮಕ್ಕಳಿಂದಾದರೂ ನೋಡಿಸಿಕೊಳ್ಳಬೇಕು.

ಕಡೆಯದಾಗಿ ಮಠದ ವ್ಯವಸ್ಥಾಪಕರಲ್ಲಿ ಒಂದು ಬಿನ್ನಹವಿದೆ. ಬೇಸಗೆಯ ಮಧ್ಯಾಹ್ನದಲ್ಲಿ ಮಹಾದ್ವಾರದಿಂದ ಗದ್ದುಗೆಯವರೆಗಿನ ಕಲ್ಲುಹಾಸು ಕಾದ ಹೆಂಚಿನಂತಾಗಿರುತ್ತದೆ. ಅರಿವುಳ್ಳ ಪಾದದವರು ಅದನ್ನು ಓಡಿ ದಾಟುತ್ತಾರೆ; ಜೋಮು ಹಿಡಿದ ಪಾದದ ಮುದುಕರು ಮೆಲ್ಲಗೆ, ಭಕ್ತಿಯಿಂದ ನಡೆದುಬರುತ್ತಾರೆ, ಮರುದಿನ ಬೊಬ್ಬೆಯೆದ್ದ ಅಂಗಾಲನ್ನು ನಮ್ಮಲ್ಲಿಗೆ ತರುತ್ತಾರೆ. ಆ ದಾರಿಯುದ್ದಕ್ಕೂ ತೆಂಗಿನ ನಾರಿನ ಚಾಪೆಗಳನ್ನು ಹಾಸಿಸಿ ನೀರು ಚಿಮುಕಿಸುವ ಏರ್ಪಾಡಾಗಬೇಕು. ಮಧುಮೇಹವುಳ್ಳವರು ಬಟ್ಟೆಯ ಪಾದರಕ್ಷೆಯನ್ನು ತೊಟ್ಟು ಒಳಬಾಗಿಲಿನವರೆಗೆ ಬರಲು ಪೂಜ್ಯ ಶ್ರೀಗಳವರು ಅಪ್ಪಣೆ ಕೊಡಿಸಬೇಕೆಂದು ಬೇಡಿಕೊಳ್ಳುತ್ತೇನೆ. ಈ ಬೇಸಗೆಗೇ ಆದರೆ ಒಳ್ಳೆಯದು.