ಹಂಚು ಇಳಿಸುವ ಮೊದಲು ಅಟ್ಟ ಹತ್ತೋಣ

(ಬಳಗದ ಬೇಸಗೆ ಶಿಬಿರದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಮಣ್ಣು, ಗೊಬ್ಬರ, ಅಡಕೆಯ ರೋಗ ಇವುಗಳ ಬಗ್ಗೆ ಮಾತನಾಡಬೇಕಾದವನು ಇಂದು ಮನೆಯ ಸೂರಿನ ಬಗ್ಗೆ ಮಾತನಾಡಲು ನಿಂತಿದ್ದೇನೆ. ಕಾರಣ ಸರಳವಾದುದು. ಈ ಬೇಸಗೆಯಲ್ಲಿ ನಮ್ಮ ಸುತ್ತಮುತ್ತ ನಾನು ಹೋದ ಮನೆಗಳಲ್ಲೆಲ್ಲ ಒಂದೇ ಪ್ರಶ್ನೆ: "ಹಂಚಿನ ಸೂರು ಹಳೆಯದಾಯಿತು, ಸೋರುತ್ತಿದೆ. ರಿಪೇರಿ ಮಾಡಿಸುವುದೋ, ಪೂರ್ತಿ ತೆಗೆದು ತಗಡು ಹೊದಿಸುವುದೋ?" ಈ ಪ್ರಶ್ನೆಗೆ ಸಾಲ, ಕಾಡಿನ ಮರ, ಕೂಲಿಯವರ ಪ್ರಾಣ, ಮನೆಯ ಮುದುಕರ ನೆಮ್ಮದಿ ಎಲ್ಲವೂ ಅಂಟಿಕೊಂಡಿವೆ. ಆದ್ದರಿಂದ ಇದು ಪರಿಸರದ ಪ್ರಶ್ನೆಯೂ ಹೌದು.

ಮಲೆನಾಡಿನ ಸೂರು ಮೊದಲಿನಿಂದಲೂ ಹಂಚಿನದಾಗಿರಲಿಲ್ಲ. ಅಡಕೆಯ ಸೋಗೆ, ಹುಲ್ಲು, ಕುಂಬಾರರು ಕೈಯಲ್ಲಿ ಮಾಡಿದ ನಾಡಹಂಚು ಇವು ನಮ್ಮ ಪೂರ್ವಿಕರ ಹೊದಿಕೆಗಳು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಜಾರ್ಜ್ ಪ್ಲೆಬ್ಸ್ಟ್ ಎಂಬವರು ಅದರ ಹಿಂದೆ ಇದ್ದರು. ನೇತ್ರಾವತಿಯ ಬದಿಯ ಜೇಡಿಮಣ್ಣು ಅಚ್ಚಿಗೆ ಒಗ್ಗಿತು. ಒಂದು ಹಂಚಿನ ಅಂಚು ಇನ್ನೊಂದರ ತೋಡಿನಲ್ಲಿ ಕೂರುವ ಆ ಕೆಂಪು ಹಂಚು ಕ್ರಮೇಣ ಘಟ್ಟ ಹತ್ತಿ ನಮ್ಮ ಊರುಗಳಿಗೆ ಬಂದಿತು. ಅಂದರೆ ನಾವು ಇಂದು 'ಪರಂಪರೆ' ಎನ್ನುವುದು ಒಂದು ಕಾಲದ ಹೊಸತು. ಬದಲಾವಣೆಯೇ ತಪ್ಪೆಂದು ನಾನು ಹೇಳುತ್ತಿಲ್ಲ. ನೋಡದೆ ಬದಲಾಯಿಸುವುದು ತಪ್ಪು ಎನ್ನುತ್ತಿದ್ದೇನೆ.

ನನ್ನ ಮನೆಯ ಪಾಠ

ಮೊದಲು ನನ್ನದೇ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ನಮ್ಮ ಮನೆಯ ಪಡುವಣ ಸೂರು, ಅಡುಗೆಮನೆಯ ಮೇಲಿನದು, ಕೆಲವು ವರ್ಷಗಳಿಂದ ತೊಟ್ಟಿಕ್ಕುತ್ತಿತ್ತು. ಹಂಚಿನ ಸಂದಿಗೆ ಸಿಮೆಂಟು ಮೆತ್ತಿಸಿದೆ. ಸಾಲದೆಂದು ಹಂಚಿನ ಅಡಿಗೆ, ರೀಪಿನ ಮೇಲೆ, ಪ್ಲಾಸ್ಟಿಕ್ ಹಾಳೆ ಹಾಸಿಸಿದೆ. ಎರಡು ಮಳೆಗಾಲ ಸೋರಲಿಲ್ಲ. ನಾನು ಬುದ್ಧಿವಂತನೆಂದುಕೊಂಡೆ. 2019ರ ಆಗಸ್ಟಿನ ಮಳೆ ತಮಗೆಲ್ಲ ನೆನಪಿದೆ. ಆ ಮಳೆಯಲ್ಲಿ ಆ ಸೂರು ಒಂದೇ ರಾತ್ರಿ ನಾಲ್ಕು ಕಡೆ ಬಾಯಿಬಿಟ್ಟಿತು.

ಮಳೆ ಬಿಟ್ಟ ಮೇಲೆ ಹಂಚು ಕೈಯಾಡಿಸಲು ಬಂದ ಹುಡುಗನೊಬ್ಬ ಮೇಲೆ ಹತ್ತಿದ. ಮೂರನೆಯ ಹೆಜ್ಜೆಗೆ ರೀಪು ಮುರಿದು ಅಟ್ಟಕ್ಕೆ ಬಿದ್ದ. ತೋಳಿನ ಮೂಳೆ ಮುರಿಯಿತು. ಪ್ಲಾಸ್ಟಿಕ್ ಎತ್ತಿ ನೋಡಿದಾಗ ಕಾರಣ ತಿಳಿಯಿತು. ಹಂಚು ಹೀರಿದ ನೀರು ಮತ್ತು ಒಳಗಿನ ಹಬೆ ಹೊರಹೋಗಲಾರದೆ ಹಾಳೆಯ ಅಡಿಯಲ್ಲೇ ನಿಂತು, ರೀಪುಗಳೆಲ್ಲ ರೊಟ್ಟಿಯಂತೆ ಮೆತ್ತಗಾಗಿದ್ದವು. ನೀರು ಕೆಳಗೆ ಬೀಳುತ್ತಿರಲಿಲ್ಲ, ಅಷ್ಟೆ. ಮರ ಅದನ್ನು ಕುಡಿಯುತ್ತಿತ್ತು. ಗಿಡದ ಬೇರಿಗೆ ಗಾಳಿಯಾಡದಿದ್ದರೆ ಕೊಳೆರೋಗ ಬರುತ್ತದೆಂದು ರೈತರಿಗೆ ಬೋಧಿಸುವ ನಾನು, ನನ್ನ ಮನೆಯ ಮರಕ್ಕೆ ಅದೇ ಅನ್ಯಾಯ ಮಾಡಿದ್ದೆ. ನನ್ನ ಅಜಾಗ್ರತೆಯ ಬೆಲೆಯನ್ನು ಆ ಹುಡುಗನ ತೋಳು ತೆತ್ತಿತು. ಅವನ ಚಿಕಿತ್ಸೆಯ ಖರ್ಚು ಕೊಟ್ಟೆ. ಅದರಿಂದ ತಪ್ಪು ತೊಳೆದುಹೋಗುವುದಿಲ್ಲ.

ಗುತ್ತಿಗೆದಾರರೊಬ್ಬರು ಬಂದು ಅಂಗಳದಲ್ಲಿ ನಿಂತೇ, "ಎಲ್ಲಾ ತೆಗೆಯಿರಿ, ತಗಡು ಹಾಕೋಣ" ಎಂದರು. ಅಮ್ಮ ಮಾತ್ರ, "ಅಟ್ಟ ಹತ್ತದೆ ಹೇಳಿದ ಮಾತು ಅದು. ನಮ್ಮ ಆಚಾರ್ರು ಒಮ್ಮೆ ನೋಡಲಿ" ಎಂದರು. ಆಚಾರ್ರು ದಬ್ಬಳ ಹಿಡಿದು ಒಂದೊಂದು ಪಕಾಸಿಯನ್ನೂ ಚುಚ್ಚಿ ನೋಡಿದರು. ಆ ಪಾರ್ಶ್ವದ ಮೂವತ್ತೆರಡು ಪಕಾಸಿಗಳಲ್ಲಿ ಏಳರ ತುದಿ ಮಾತ್ರ ಗೋಡೆಯ ಬಳಿ ಕೊಳೆತಿತ್ತು. ರೀಪು ಪೂರ್ತಿ ಹೋಗಿತ್ತು. ಹಂಚುಗಳಲ್ಲಿ ಎಂಟಕ್ಕೆ ಒಂದರಷ್ಟು ಕೆಟ್ಟಿತ್ತು. ಮೂಡಣ ಪಾರ್ಶ್ವದಲ್ಲಿ ದೋಷವೇ ಇರಲಿಲ್ಲ. ಒಂದು ಪಾರ್ಶ್ವದ ರೀಪು ಮತ್ತು ಏಳು ಪಕಾಸಿಯ ರೋಗಕ್ಕೆ ಇಡೀ ಸೂರನ್ನು ಕಳೆದುಕೊಳ್ಳುವವರಿದ್ದೆವು.

ಚರ್ಮ ಮತ್ತು ಮೂಳೆ

ನಾನು ಕಲಿತದ್ದು ಇಷ್ಟು. ಹಂಚು ಸೂರಿನ ಚರ್ಮ, ಮರ ಅದರ ಮೂಳೆ. ಸೋರುವುದು ಚರ್ಮದಲ್ಲಿ ಕಾಣುತ್ತದೆ, ನಿರ್ಧಾರವನ್ನು ಮೂಳೆ ನೋಡಿ ಮಾಡಬೇಕು. ನೋಡುವ ಕ್ರಮ ಹೀಗಿದೆ.

ಮೊದಲನೆಯದು, ಆರಿದ್ರೆ, ಪುನರ್ವಸು ಮಳೆ ಜೋರಾಗಿ ಹೊಯ್ಯುವಾಗ ಬ್ಯಾಟರಿ ಹಿಡಿದು ಅಟ್ಟ ಹತ್ತಿ, ನೀರು ಕಂಡಲ್ಲಿ ಸುಣ್ಣದ ಗುರುತು ಹಾಕಬೇಕು. ತೊಟ್ಟಿಕ್ಕುವ ಜಾಗವೇ ನೀರು ಒಳಬರುವ ಜಾಗವಲ್ಲ. ನೀರು ಪಕಾಸಿಯ ಮೇಲೆ ಹರಿದುಬಂದು ಎಲ್ಲೋ ಬೀಳುತ್ತದೆ. ಒದ್ದೆಯ ಜಾಡನ್ನು ಮೇಲಕ್ಕೆ ಹಿಂಬಾಲಿಸಬೇಕು.

ಎರಡನೆಯದು, ಬಿಸಿಲು ಬಂದ ಮೇಲೆ ಅಂಗಳದ ಆಚೆ ನಿಂತು ಸೂರಿನ ನೆತ್ತಿಯ ಗೆರೆಯನ್ನು ನೋಡಬೇಕು. ಗೆರೆ ನೆಟ್ಟಗಿದ್ದರೆ ಸಮಾಧಾನ. ನಡು ಕುಸಿದಿದ್ದರೆ ಅಥವಾ ಗೋಡೆ ಹೊರಕ್ಕೆ ವಾಲಿದ್ದರೆ ದೋಷ ತೊಲೆಯಲ್ಲಿದೆ.

ಮೂರನೆಯದು, ಪಕಾಸಿಯ ತುದಿಗಳನ್ನು, ಅದರಲ್ಲೂ ಗೋಡೆಯ ಮೇಲೆ ಕೂರುವ ಜಾಗವನ್ನು ದಬ್ಬಳದಿಂದ ಚುಚ್ಚಬೇಕು. ದಬ್ಬಳ ಸುಲಭವಾಗಿ ಇಳಿದರೆ ಮರ ಸತ್ತಿದೆ. ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಹುಳು ಇದೆ. ಮಣ್ಣಿನ ಗೆರೆ ಇದ್ದರೆ ಗೆದ್ದಲು.

ನಾಲ್ಕನೆಯದು ಹಂಚು. ಬೆರಳಿನಿಂದ ತಟ್ಟಿದರೆ ಗಟ್ಟಿ ಹಂಚು ಕಂಚಿನಂತೆ ನುಡಿಯುತ್ತದೆ, ಬಿರುಕು ಬಿಟ್ಟದ್ದು ಮಂಕಾಗಿ ನುಡಿಯುತ್ತದೆ. ಒಣಗಿದ ಹಂಚನ್ನು ತೂಗಿ, ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿ, ಒರೆಸಿ ಮತ್ತೆ ತೂಗಿರಿ. ತೂಕ ಐದನೆಯ ಒಂದು ಪಾಲಿಗಿಂತ ಹೆಚ್ಚಾದರೆ ಆ ಹಂಚಿಗೆ ವಯಸ್ಸಾಗಿದೆ. ಈ ಪರೀಕ್ಷೆಯನ್ನು ವಿದ್ಯಾರ್ಥಿಗಳು ಶಾಲೆಯಲ್ಲೇ ಮಾಡಬಹುದು.

ನಿರ್ಧಾರ

ಹಂಚು ಮಾತ್ರ ಒಡೆದಿದ್ದರೆ ಹಂಚು ಬದಲಾಯಿಸಿರಿ. ಆದರೆ ಬೇರೆ ಬೇರೆ ಕಾರ್ಖಾನೆಯ ಹಂಚುಗಳ ತೋಡು ಒಂದಕ್ಕೊಂದು ಕೂರುವುದಿಲ್ಲ. ಬೆರೆಸಿ ಹೊದಿಸಿದಲ್ಲಿ ಹೊಸ ಹಂಚೂ ಸೋರುತ್ತದೆ. ಆದ್ದರಿಂದ ಗಟ್ಟಿ ಇರುವ ಹಳೆಯ ಹಂಚುಗಳನ್ನೆಲ್ಲ ಒಂದು ಪಾರ್ಶ್ವಕ್ಕೆ ಸೇರಿಸಿ, ಹೊಸದನ್ನು ಇನ್ನೊಂದು ಪಾರ್ಶ್ವಕ್ಕೆ ಹಾಕುವುದು ಜಾಣತನ. ನಾವು ಮಾಡಿದ್ದೂ ಅದನ್ನೇ.

ರೀಪು ಹೋಗಿದ್ದರೆ ಆ ಪಾರ್ಶ್ವವನ್ನು ಪೂರ್ತಿ ಇಳಿಸಿ ರೀಪು ಹಾಕಿಸಿರಿ. ಬಲಿತ ಅಡಕೆ ಮರದ ಬುಡದ ದಬ್ಬೆ ಇದಕ್ಕೆ ಒಳ್ಳೆಯದು. ಒಳಗಿನ ಮೆದು ಭಾಗ ಕೆತ್ತಿ ತೆಗೆದು, ಕೆಲವು ವಾರ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿದರೆ ಹುಳುವಿನ ಬಾಧೆ ಕಡಿಮೆ. ಮಳೆ ತಾಗದ ಒಳಭಾಗದ ಮರಕ್ಕೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಹಚ್ಚಬಹುದು. ತೋಟದಲ್ಲಿ ಹೇಗೂ ಬೀಳುವ ಮರ ಇರುವಾಗ ಕಾಡಿನ ಮರಕ್ಕೆ ಕೈ ಹಾಕುವುದೇಕೆ?

ಪಕಾಸಿಯ ತುದಿ ಮಾತ್ರ ಕೆಟ್ಟಿದ್ದರೆ ಪಕ್ಕಕ್ಕೊಂದು ಗಟ್ಟಿ ತುಂಡು ಜೋಡಿಸಿ ಬಿಗಿಯಬಹುದು. ಆದರೆ ನೆತ್ತಿಯ ತೊಲೆಯೇ ಹೋಗಿದ್ದರೆ, ಅರ್ಧಕ್ಕಿಂತ ಹೆಚ್ಚು ಪಕಾಸಿ ಸತ್ತಿದ್ದರೆ, ತೇಪೆಯ ಮಾತು ಬಿಡಿ. ಆ ಸೂರನ್ನು ಇಳಿಸಲೇಬೇಕು. ಅದರ ಕೆಳಗೆ ಮಕ್ಕಳು ಮಲಗುತ್ತಾರೆ. ಆಗಲೂ ಹಂಚನ್ನು ಎಸೆಯಬೇಕಾಗಿಲ್ಲ. ಕಬ್ಬಿಣದ ಕೊಳವೆಯ ಚೌಕಟ್ಟು ಮಾಡಿಸಿ ಅದೇ ಹಂಚು ಹೊದಿಸಬಹುದು. ಮೂರು ಅಡಿ ಅಡ್ಡಕ್ಕೆ ಎರಡು ಅಡಿ ಏರು ಇರಲಿ. ಜಗಲಿ ಮುಂದಕ್ಕೆ ಚಾಚುವಾಗ ಇಳಿಜಾರು ಕಡಿಮೆ ಮಾಡಿದ್ದೇ ಎಷ್ಟೋ ಮನೆಗಳ ಸೋರಿಕೆಗೆ ಕಾರಣ.

ಹಣದ ಲೆಕ್ಕವನ್ನು ಮಳೆಗಾಲದಿಂದ ಭಾಗಿಸಿ ಹಾಕಿರಿ. ರಿಪೇರಿಯ ಖರ್ಚು ಹೊಸ ಸೂರಿನ ಕಾಲು ಭಾಗವೆನ್ನೋಣ. ಅದು ಹತ್ತು ಮಳೆಗಾಲ ತಡೆದು, ಹೊಸದು ಮೂವತ್ತು ತಡೆಯುವುದಾದರೆ ರಿಪೇರಿಯೇ ಅಗ್ಗ. ಅದೇ ರಿಪೇರಿ ಮೂರೇ ಮಳೆಗಾಲಕ್ಕೆ ಸೋತರೆ ಹೊಸದೇ ಅಗ್ಗ. ಹತ್ತೋ ಮೂರೋ ಎಂಬುದನ್ನು ಹೇಳುವುದು ದಬ್ಬಳ.

ಬದಲಿಗಳ ಗುಣದೋಷ

ಕಾಂಕ್ರೀಟು ಹಾಕಿಸುವೆವೆನ್ನುವವರು ಗೋಡೆಯನ್ನು ಕೇಳಬೇಕು. ಒಂದು ಚದರ ಮೀಟರಿಗೆ ಸುಮಾರು 15 ಹಂಚು, ಒಂದೊಂದು ಎರಡೂವರೆ ಕಿಲೋ ಎಂದರೂ 40 ಕಿಲೋದೊಳಗೆ ಮುಗಿಯುತ್ತದೆ. ನಾಲ್ಕು ಅಂಗುಲದ ಕಾಂಕ್ರೀಟು ಅಷ್ಟೇ ಜಾಗಕ್ಕೆ 240 ಕಿಲೋ ತೂಗುತ್ತದೆ. ಹಳೆಯ ಮಣ್ಣಿನ ಗೋಡೆ ಅದನ್ನು ಹೊರಲಾರದು. ಮೇಲಾಗಿ ನಮ್ಮ ಮಳೆಗೆ ಸಮತಟ್ಟು ಚಾವಣಿ ಹೊಂದುವುದಿಲ್ಲ. ಕಾಂಕ್ರೀಟಿನ ಮೇಲೆ ಮತ್ತೆ ತಗಡಿನ ಸೂರು ಕಟ್ಟಿಸಿದವರು ನಮ್ಮ ನಡುವೆಯೇ ಇದ್ದಾರಲ್ಲ!

ಕಲ್ನಾರಿನ ಶೀಟು ಬೇಡವೇ ಬೇಡ. ಕಲ್ನಾರಿನ ಎಲ್ಲ ಬಗೆಗಳೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಈಗಾಗಲೇ ಕೊಟ್ಟಿಗೆಯ ಮೇಲಿದ್ದರೆ ಅದನ್ನು ಕೊರೆಯುವುದು, ಕತ್ತರಿಸುವುದು, ಒಡೆಯುವುದು ಮಾಡಬೇಡಿ. ತೆಗೆಯಲೇಬೇಕಾದರೆ ನೀರು ಚಿಮುಕಿಸಿ ಇಡಿಯಾಗಿ ಇಳಿಸಬೇಕು.

ಬಣ್ಣದ ತಗಡು ಹಗುರ, ಬೇಗ ಆಗುತ್ತದೆ. ಆದರೆ ಬೇಸಗೆಯ ಮಧ್ಯಾಹ್ನ ಅದರ ಕೆಳಗೆ ಕೂರಲಾಗದು, ಆಶ್ಲೇಷಾ ಮಳೆಯಲ್ಲಿ ಅದರ ಕೆಳಗೆ ಮಾತು ಕೇಳಿಸದು. ಹಾಗಿದ್ದರೂ ತಗಡು ಹಾಕಿಸಿದವರನ್ನು ನಾನು ದೂಷಿಸಲಾರೆ. ಮಂಗಗಳ ಹಿಂಡು ದಿನವೂ ಹಂಚು ಎತ್ತಿ ಎಸೆಯುವ ಮನೆಯವರಿಗೆ, ಸೂರು ಹತ್ತುವ ಆಳು ಸಿಗದ ವೃದ್ಧ ದಂಪತಿಗಳಿಗೆ ಹಂಚಿನ ಹಿರಿಮೆ ಹೇಳುವುದು ಕ್ರೌರ್ಯ. ಅಂಥವರು ಮಂಗ ಇಳಿಯುವ ಪಾರ್ಶ್ವಕ್ಕೆ, ಕೊಟ್ಟಿಗೆಗೆ ತಗಡು ಹಾಕಿಸಿ ಮಲಗುವ ಕೋಣೆಯ ಮೇಲೆ ಹಂಚು ಉಳಿಸಿಕೊಳ್ಳಬಹುದು. ಸೂರಿಗೆ ತಾಗುವ ಕೊಂಬೆಗಳನ್ನು ಸವರಿಸಿದರೆ ಮಂಗನ ದಾರಿಯೂ ತಪ್ಪುತ್ತದೆ, ಎಲೆ ಬಿದ್ದು ತೋಡು ಕಟ್ಟುವುದೂ ತಪ್ಪುತ್ತದೆ.

ಹೊಗೆ ಹೋದ ಮೇಲೆ

ತಾಯಂದಿರಿಗೆ ಒಂದು ಮಾತು. ಹಿಂದೆ ಒಲೆಯ ಹೊಗೆ ಅಟ್ಟದ ಮರವನ್ನು ಒಣಗಿಸುತ್ತಿತ್ತು, ಹುಳುವನ್ನು ದೂರವಿಡುತ್ತಿತ್ತು. ಗ್ಯಾಸ್ ಬಂದ ಮೇಲೆ ಅಡುಗೆಮನೆಯ ಸೂರೇ ಬೇಗ ಹುಳು ಹಿಡಿಯುತ್ತಿದೆಯೆಂದು ಹಲವರು ಹೇಳುತ್ತಾರೆ. ನನ್ನ ಮನೆಯಲ್ಲೂ ಕಂಡಿದ್ದೇನೆ. ಹಾಗೆಂದು ಮತ್ತೆ ಹೊಗೆಗೆ ಮರಳಿರೆಂದು ಹೇಳುವ ಹಕ್ಕು ನನಗಿಲ್ಲ. ಆ ಮರವನ್ನು ಕಾಪಾಡಿದ ಹೊಗೆಯನ್ನು ನಮ್ಮ ಅಜ್ಜಿಯರ ಶ್ವಾಸಕೋಶ ಕುಡಿದಿತ್ತು. ಹೊಗೆ ಮಾಡುತ್ತಿದ್ದ ಕೆಲಸವನ್ನು ಈಗ ಗಾಳಿ ಮತ್ತು ಬೆಳಕಿಗೆ ಒಪ್ಪಿಸಬೇಕು. ಅಟ್ಟದ ಎರಡೂ ತುದಿಗೆ ಜಾಲರಿಯ ಕಿಂಡಿ, ನಾಲ್ಕಾರು ಗಾಜಿನ ಹಂಚು, ವರ್ಷಕ್ಕೊಮ್ಮೆ ಅಟ್ಟದ ಕಸ ತೆಗೆಯುವುದು, ಇಷ್ಟಾದರೆ ಸಾಕು.

ಬಳಗದ ಕೆಲಸ

ಕೊನೆಯದಾಗಿ ಎರಡು ಸಲಹೆ. ಹಳೆಯ ಮನೆಗಳು ಬಿದ್ದಾಗ ಗಟ್ಟಿ ಹಂಚುಗಳು ಹೊಂಡ ತುಂಬಲು ಹೋಗುತ್ತಿವೆ. ಹಲವು ಕಾರ್ಖಾನೆಗಳು ಬಾಗಿಲು ಹಾಕಿರುವುದರಿಂದ ಆ ಅಚ್ಚಿನ ಹಂಚು ಮತ್ತೆ ಸಿಗದು. ಊರಿಗೊಂದು ಹಂಚಿನ ಕೊಟ್ಟಿಗೆ ಮಾಡಿ, ಹಂಚಿನ ಬೆನ್ನಿನ ಮುದ್ರೆ ನೋಡಿ ಬೇರೆ ಬೇರೆಯಾಗಿ ಜೋಡಿಸಿಡೋಣ. ಬೇಕಾದವರು ಒಯ್ಯಲಿ, ಮಿಕ್ಕವರು ತಂದಿಡಲಿ. ಎರಡನೆಯದು, ನಾಟಿಗೆ, ಕೊಯ್ಲಿಗೆ ಇದ್ದ ಮುಯ್ಯಾಳಿನ ಪದ್ಧತಿಯನ್ನು ಸೂರಿಗೂ ತರೋಣ. ಯುಗಾದಿಯಿಂದ ರೋಹಿಣಿ ಮಳೆಯೊಳಗೆ ಹತ್ತು ಮನೆಯವರು ಕೂಡಿ ಒಬ್ಬೊಬ್ಬರ ಸೂರು ಕೈಯಾಡಿಸಲಿ. ಹತ್ತುವವನ ಸೊಂಟಕ್ಕೆ ಹಗ್ಗ ಇರಲಿ, ಕಾಲಿನ ಕೆಳಗೆ ಹಲಗೆ ಇರಲಿ.

ನಮ್ಮ ಮನೆಯ ಪಡುವಣ ಸೂರು ಆ ರಿಪೇರಿಯ ನಂತರ ಸೋರಿಲ್ಲ. ತೋಳು ಮುರಿದುಕೊಂಡಿದ್ದ ಹುಡುಗ ಈಗ ಒಳ್ಳೆಯ ಮೇಸ್ತ್ರಿಯಾಗಿದ್ದಾನೆ. ಪ್ರತಿ ಏಪ್ರಿಲಿನಲ್ಲಿ ಬರುತ್ತಾನೆ. ಅವನು ಏಣಿ ಇಡುವ ಮೊದಲು ನಾನೇ ದಬ್ಬಳ ಹಿಡಿದು ಅಟ್ಟ ಹತ್ತಿ ಬಂದಿರುತ್ತೇನೆ.