ಒಟ್ಟಿಗೆ ಹಾಡೋಣ, ಬರೆಯಲು ಕಲಿಯೋಣ
(ಯುವಕ ಮಂಡಲಿಯ ಸಭೆಯಲ್ಲಿ ಗ್ರಾಮ ಕಾರ್ಯಕರ್ತರೊಬ್ಬರು ಮಾಡಿದ ಭಾಷಣ)



ಬೀಜ, ಗೊಬ್ಬರದ ಮಾತು ಬಿಟ್ಟು ಈತ ಇಂದೇಕೆ ಹಾಡಿನ ಮಾತೆತ್ತಿದ ಎಂದು ನೀವು ಕೇಳಬಹುದು. ಮಣ್ಣಿನ ಕೆಲಸವೇ ನನ್ನನ್ನು ಹಾಡಿನ ಬಳಿಗೆ ಕರೆದೊಯ್ದಿತು. ಹೇಗೆಂದು ಹೇಳುತ್ತೇನೆ.

ಮಣ್ಣು ಪರೀಕ್ಷೆಯ ಬಗ್ಗೆ ನಾನೊಂದು ಹಾಡು ಬರೆಯಬೇಕಾಗಿತ್ತು. ಕೃಷಿ ಡಿಪ್ಲೊಮಾ ಓದಿದವನು, ವಿಷಯ ಗೊತ್ತಿತ್ತು. ಮೂರು ರಾತ್ರಿ ಒಬ್ಬನೇ ಕುಳಿತು ಬರೆದೆ. ಬರೆದದ್ದೆಲ್ಲ ಸರ್ಕಾರಿ ಸುತ್ತೋಲೆಯಂತಿತ್ತು. ನಾಲ್ಕನೆಯ ರಾತ್ರಿ ಕೃಷ್ಣರಾಜಪುರದ ಆಚೆಯ ಒಂದು ಹಳ್ಳಿಯ ಭಜನೆಗೆ ಹೋದೆ. ಕೈವಾರದ ತಾತಯ್ಯನವರ ಪದಗಳನ್ನು ಹಾಡುತ್ತಿದ್ದರು. ನಾನೂ ತಾಳ ಹಿಡಿದು ದನಿಗೂಡಿಸಿದೆ. ಒಂದು ಗಂಟೆ ಹಾಡಿದ ಮೇಲೆ ಸಂಕೋಚ ಬಿಟ್ಟಿತು. ಜೇಬಿನಿಂದ ಕಾಗದ ತೆಗೆದು ಓದಿದೆ.

'ಮೃತ್ತಿಕಾ ಪರೀಕ್ಷಣ' ಎಂಬ ಮಾತು ತಾಳಕ್ಕೆ ಕೂರಲೇ ಇಲ್ಲ. ಎಲ್ಲರೂ ನಕ್ಕರು. ಮೂಲೆಯಲ್ಲಿದ್ದ ಅಜ್ಜಿಯೊಬ್ಬರು, "ಮಣ್ಣಿನ ನಾಡಿ ನೋಡು ಅನ್ನಪ್ಪಾ" ಎಂದರು. ಗುಂಪು ಅದನ್ನೇ ಪಲ್ಲವಿಯಾಗಿ ಹಿಡಿಯಿತು. ಅವರು ಪಲ್ಲವಿ ಹಾಡಿ ಮುಗಿಸುವಷ್ಟರಲ್ಲಿ ನನಗೆ ಮುಂದಿನ ನುಡಿ ಹೊಳೆಯುತ್ತಿತ್ತು. ಬದುವಿನ ಮಣ್ಣು ಬೇಡ, ತಿಪ್ಪೆಯ ಮಗ್ಗುಲು ಬೇಡ, ಮರದ ನೆರಳು ಬೇಡ. ಹೊಲದ ಎಂಟು ಹತ್ತು ಕಡೆ ಅರ್ಧ ಅಡಿ ಆಳದವರೆಗಿನ ಮಣ್ಣು ತೆಗೆದು, ಬೆರೆಸಿ, ಅರ್ಧ ಕಿಲೋ ಕಳಿಸು. ಮೂರು ರಾತ್ರಿ ಆಗದ ಕೆಲಸ ಅರ್ಧ ಗಂಟೆಯಲ್ಲಿ ಆಯಿತು.

ಇದರಲ್ಲಿ ಪವಾಡವಿಲ್ಲ. ಒಬ್ಬನೇ ಬರೆಯುವಾಗ ತಪ್ಪು ಮಾತು ತಪ್ಪೆಂದು ಕಾಣುವುದಿಲ್ಲ. ಹತ್ತು ಜನ ಹಾಡಿದರೆ ಒಡನೆಯೇ ತಿಳಿಯುತ್ತದೆ. ಉಸಿರಿಗೆ ಮೀರಿದ ಸಾಲು ತಾನೇ ಚಿಕ್ಕದಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ನಾಚಿಕೆ ಹೋಗುತ್ತದೆ. ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಹಾಡುವ ತರಗತಿ, ಕೈಕಸುಬಿನ ತರಗತಿ, ಕಥೆ ಕವಿತೆ ಬರೆಯುವ ತರಗತಿಗಳನ್ನು ಅವರು ಏಳು ತಿಂಗಳು ಹೋಲಿಸಿ ನೋಡಿದರು. ಕೊನೆಗೆ ಎಲ್ಲ ತರಗತಿಯವರಲ್ಲೂ ಸ್ನೇಹ ಬೆಳೆದಿತ್ತು. ಆದರೆ ಬೇಗ ಹತ್ತಿರವಾದವರು ಹಾಡುವವರು. ಹಾಡಿದರೆ ಬರಹ ಚೆನ್ನಾಗುತ್ತದೆಂದು ಅವರು ಹೇಳಲಿಲ್ಲ. ಆದರೆ ಹತ್ತಿರವಾದವರ ಮುಂದೆ ಹಸಿ ಬರಹ ಓದಲು ಭಯವಿಲ್ಲವೆಂಬುದು ನನ್ನ ಅನುಭವ.

ನಮ್ಮ ನಾಡಿನಲ್ಲೇ ಉದಾಹರಣೆಯಿದೆ. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳು ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದ ತ್ರಿಪದಿಗಳನ್ನು ಕೂಡಿಸಿ, 1931ರಲ್ಲಿ 'ಗರತಿಯ ಹಾಡು' ಎಂಬ ಪುಸ್ತಕ ತಂದರು. ಆ ಗೆಳೆಯರಲ್ಲಿ ಒಬ್ಬರಾದ ಮಧುರಚೆನ್ನರು ಮುಂದೆ ಹೆಸರಾಂತ ಕವಿಯಾದರು. ಅವರ ಕವಿತೆಯಲ್ಲಿ ಆ ಹಳ್ಳಿಯ ಹಾಡಿನ ನಡಿಗೆಯಿದೆ. ನಮ್ಮ ಕೈವಾರದ ತಾತಯ್ಯನವರೂ ಬಳೆ ಮಾರುತ್ತ ಊರೂರು ಅಲೆದವರು. ತೆಲುಗು, ಕನ್ನಡ ಎರಡರಲ್ಲೂ ಪದ ಕಟ್ಟಿದವರು.

ಬಂಧುಗಳೇ, ಹಲಸೂರು ಒಂದು ಕಾಲಕ್ಕೆ ಕೆರೆಯ ದಂಡೆಯ ಹಳ್ಳಿ. ಈಗ ಹಳೆಯ ಮದರಾಸು ರಸ್ತೆಯುದ್ದಕ್ಕೂ ಪಟ್ಟಣ ಬೆಳೆದು ನಮ್ಮ ಹೊಲದ ಅಂಚಿಗೆ ಬಂದಿದೆ. ಹುಡುಗರು ರಾತ್ರಿ ಪಾಳಿಯ ಕೆಲಸಕ್ಕೆ ಹೋಗುತ್ತಾರೆ. ಭಜನೆಗೆ ಜನ ಕಡಿಮೆ. ಆ ಅಜ್ಜಿ ಈಗಿಲ್ಲ. ರಾತ್ರಿಯೆಲ್ಲ ಹಾಡಿದರೂ ಮುಗಿಯದಷ್ಟು ಸೋಬಾನೆ ಪದ ಆಕೆಗೆ ಬರುತ್ತಿತ್ತು. ನಾನು ಬರೆದುಕೊಂಡದ್ದು ಒಂದೇ ಸಾಲು.

ಆದುದರಿಂದ ನನ್ನ ಕೋರಿಕೆ ಇಷ್ಟೇ. ವಾರಕ್ಕೊಂದು ರಾತ್ರಿ ಕೂಡಿ ಹಾಡಿರಿ. ಹೆಂಗಸರೂ ಮಕ್ಕಳೂ ಬರಲಿ. ಪಕ್ಕದಲ್ಲಿ ಒಂದು ನೋಟುಪುಸ್ತಕ, ಒಂದು ಪೆನ್ನು ಇರಲಿ. ಮೊದಲು ಹಿರಿಯರ ಪದ ಬರೆದುಕೊಳ್ಳಿರಿ. ಆಮೇಲೆ ನಿಮ್ಮ ಕೆರೆ, ನಿಮ್ಮ ರಾಗಿ, ನಿಮ್ಮ ಕಷ್ಟದ ಮೇಲೆ ಒಂದು ನುಡಿ ನೀವೇ ಕಟ್ಟಿರಿ. ಹಾಡಿ ನೋಡಿ, ತೊಡರಿದ ಮಾತನ್ನು ತಿದ್ದಿರಿ. ಬರೆಯಲು ಬಾರದವರು ಹೇಳಲಿ, ಬಲ್ಲವರು ಬರೆಯಲಿ.

ಬರುವ ಶನಿವಾರವೇ ಆರಂಭಿಸೋಣ. ತಾಳ ನಾನು ತರುತ್ತೇನೆ.