ಕಾರಿಗನೂರಿನ ಪಟೇಲರು ದೆಹಲಿಯಲ್ಲಿ ಆಡಿದ ಕನ್ನಡ

ಸಂವಿಧಾನದ 120ನೇ ವಿಧಿ ಓದಿದ್ದೀರಾ? ಸಂಸತ್ತಿನ ಕಲಾಪ ಯಾವ ಭಾಷೆಯಲ್ಲಿ ನಡೆಯಬೇಕು ಎಂದು ಹೇಳುವ ವಿಧಿ ಅದು. ಹಿಂದಿ, ಇಲ್ಲವೇ ಇಂಗ್ಲಿಷ್. ಈ ಎರಡರಲ್ಲೂ ಮನಸ್ಸಿನ ಮಾತನ್ನು ಸರಿಯಾಗಿ ಹೇಳಲಾರದ ಸದಸ್ಯರಿದ್ದರೆ, ಸಭಾಧ್ಯಕ್ಷರು ಒಪ್ಪಿದರೆ, ಅವರು ತಾಯ್ನುಡಿಯಲ್ಲಿ ಮಾತಾಡಬಹುದು. ಇನ್ನೊಮ್ಮೆ ಕೇಳಿಸಿಕೊಳ್ಳಿ: ಆ ಎರಡು ಭಾಷೆ ಬಾರದವರಿಗೆ ಮಾತ್ರ. ತಾಯ್ನುಡಿ ಅಲ್ಲಿ ಹಕ್ಕಲ್ಲ, ರಿಯಾಯಿತಿ.

1967ರಲ್ಲಿ ಶಿವಮೊಗ್ಗ ಕ್ಷೇತ್ರದಿಂದ ಲೋಕಸಭೆಗೆ ಹೋದ ಒಬ್ಬ ಸದಸ್ಯರಿಗೆ ಈ ರಿಯಾಯಿತಿಯ ಅಗತ್ಯವೇ ಇರಲಿಲ್ಲ. ವಯಸ್ಸು 36. ಬೆಳಗಾವಿಯಲ್ಲಿ ಕಾನೂನು ಓದಿದವರು, ಇಂಗ್ಲಿಷ್ ಪುಸ್ತಕಗಳನ್ನು ಅರಗಿಸಿಕೊಂಡವರು. ಅಂಥವರು ಸದನದಲ್ಲಿ ಎದ್ದು ನಿಂತು ಕನ್ನಡದಲ್ಲಿ ಮಾತು ಶುರುಮಾಡಿದರು. ಹೆಸರು ಜಯದೇವಪ್ಪ ಹಾಲಪ್ಪ ಪಟೇಲ್. ನಾಡಿಗೆಲ್ಲ ಜೆ.ಎಚ್. ಪಟೇಲ್. ಲೋಕಸಭೆಯಲ್ಲಿ ಕನ್ನಡ ಆಡಿದ ಮೊದಲಿಗರು ಎಂದು ಇಂದಿಗೂ ಅವರನ್ನೇ ನೆನೆಯುತ್ತಾರೆ.

ಆ ಲೋಕಸಭೆಯ ಸ್ಪೀಕರ್ ನೀಲಂ ಸಂಜೀವ ರೆಡ್ಡಿ. ಅನಂತಪುರ ಜಿಲ್ಲೆಯ ತೆಲುಗರು. ಅನಂತಪುರ ಎಂದರೆ ನಮ್ಮ ಗಡಿ, ಸಂತೆಗೆ ಬಂದವರ ಬಾಯಲ್ಲಿ ಕನ್ನಡ ತೆಲುಗು ಎರಡೂ ಹೊರಳಾಡುವ ಸೀಮೆ. ಸದನದಲ್ಲಿ ಏಕಕಾಲದ ಅನುವಾದದ ವ್ಯವಸ್ಥೆ 1964ರಲ್ಲಿ ಬಂದಿತ್ತು. ಆದರೆ ಅದು ಇಂಗ್ಲಿಷ್ ಮತ್ತು ಹಿಂದಿಯ ನಡುವಿನ ವ್ಯವಸ್ಥೆ. ಕನ್ನಡ ಶುರುವಾದರೆ ಕಿವಿಗೆ ಹಾಕಿಕೊಂಡ ಯಂತ್ರದಿಂದ ಪ್ರಯೋಜನವಿಲ್ಲ. ಐನೂರಕ್ಕೂ ಹೆಚ್ಚು ಸದಸ್ಯರ ಸದನದಲ್ಲಿ ಮೈಸೂರು ರಾಜ್ಯದವರು 27 ಮಂದಿ. ಉಳಿದವರಲ್ಲಿ ಬಹುಪಾಲು ಜನರಿಗೆ ಅದು ಬರೀ ಸದ್ದು. ಹಾಗಿದ್ದೂ ಪಟೇಲರ ಮಾತು ಕನ್ನಡದಲ್ಲೇ ಸಾಗಿತು.

ಯಾರಿಗೂ ತಿಳಿಯದ ಭಾಷೆಯಲ್ಲಿ ಯಾಕೆ ಮಾತಾಡಬೇಕು? ಭಾಷಾಭಿಮಾನ ಎಂದು ಒಂದೇ ಪದದಲ್ಲಿ ಉತ್ತರ ಕೊಟ್ಟು ಮುಗಿಸುವವರು ಬಹಳ. ಆ ಉತ್ತರ ಸಾಲದು. ಪಟೇಲರು ಎಲ್ಲಿಂದ ಬಂದರು, ಯಾರ ಸಹವಾಸದಲ್ಲಿ ಬೆಳೆದರು ಎಂದು ನೋಡಬೇಕು.

ಊರು ಕಾರಿಗನೂರು. ಚನ್ನಗಿರಿ ತಾಲ್ಲೂಕು. ಸೂಳೆಕೆರೆ ಎಂದೂ ಶಾಂತಿಸಾಗರ ಎಂದೂ ಕರೆಯುವ ಮಹಾ ಕೆರೆ ಇರುವುದು ಇದೇ ತಾಲ್ಲೂಕಿನಲ್ಲಿ. ಸಂತೇಬೆನ್ನೂರು ಇರುವುದೂ ಇಲ್ಲೇ. ಪಾಳೆಯಗಾರ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಿಣಿ, ನೀರಿನ ನಡುವೆ ವಸಂತ ಮಂಟಪ, ದಡದ ಮೇಲೆ ಬಿಜಾಪುರದ ರಣದುಲ್ಲಾ ಖಾನನ ಕಾಲದ ಮುಸಾಫಿರಖಾನೆ. ಒಂದು ಕಡೆ ಮಲೆನಾಡಿನ ಸೆರಗು, ಇನ್ನೊಂದು ಕಡೆ ಬಯಲುಸೀಮೆ. ಇಲ್ಲಿ 1930ರ ಅಕ್ಟೋಬರ್ 1ರಂದು ಹುಟ್ಟಿದ ಹುಡುಗನ ಹೆಸರಿನ ಕೊನೆಗೇ ಅಧಿಕಾರವಿತ್ತು. ಪಟೇಲ ಎಂದರೆ ಹಳ್ಳಿಯ ಯಜಮಾನಿಕೆ, ಕಂದಾಯ ಎತ್ತುವ ವಂಶಪಾರಂಪರ್ಯದ ಹುದ್ದೆ. ಆ ಹುದ್ದೆಗಳನ್ನು 1961ರ ಕಾಯ್ದೆಯೊಂದು ರದ್ದುಮಾಡಿತು. ಅದಕ್ಕೂ ಮುಂಚೆಯೇ ಈ ಪಟೇಲರು ಸಮಾಜವಾದಿಗಳ ಕೂಟ ಸೇರಿದ್ದರು.

ಆಗಿನ ಶಿವಮೊಗ್ಗ ಜಿಲ್ಲೆಯಲ್ಲಿ ಸಮಾಜವಾದ ಪುಸ್ತಕದಿಂದ ಬಂದದ್ದಲ್ಲ, ಭತ್ತದ ಕಣದಿಂದ ಬಂದದ್ದು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಜಗಳ ಎದ್ದದ್ದು ಒಂದು ಕೊಳಗದ ಮೇಲೆ. ಕೊಳಗ ಎಂದರೆ ಭತ್ತ ಅಳೆಯುವ ಪಾತ್ರೆ. ಒಡೆಯರು ಗೇಣಿ ಅಳೆದುಕೊಳ್ಳುತ್ತಿದ್ದ ಕೊಳಗ ಸರ್ಕಾರಿ ಅಳತೆಗಿಂತ ದೊಡ್ಡದು. ಒಂದೊಂದು ಕೊಳಗಕ್ಕೂ ಹೆಚ್ಚುವರಿಯಾಗಿ ಹೋಗುವುದು ಹಿಡಿಯಷ್ಟು ಭತ್ತ ಎನಿಸಬಹುದು. ಸುಗ್ಗಿಯ ಲೆಕ್ಕ ಹಾಕಿದರೆ ಅದು ಒಂದು ಮನೆಯ ಮಳೆಗಾಲದ ಊಟ. ಗೇಣಿದಾರರಾದ ದೀವರು ಸರಿಯಾದ ಅಳತೆ ಕೇಳಿದರು. ಆ ಗೇಣಿದಾರರನ್ನು ಎಚ್. ಗಣಪತಿಯಪ್ಪ ಒಗ್ಗೂಡಿಸಿದರು, ಸಮಾಜವಾದಿಗಳು ಬೆನ್ನಿಗೆ ನಿಂತರು, ರಾಮಮನೋಹರ ಲೋಹಿಯಾ ದೂರದಿಂದ ಬಂದು ಬಂಧನಕ್ಕೊಳಗಾದರು. ಶಾಂತವೇರಿ ಗೋಪಾಲಗೌಡರೆಂಬ ಆರಗದ ಯುವಕ ನಾಯಕನಾಗಿ ಎದ್ದು ನಿಂತದ್ದು ಈ ಹೋರಾಟದಲ್ಲಿ. ಮರುವರ್ಷವೇ ಗೋಪಾಲಗೌಡರು ಶಾಸಕರಾದರು.

ಪಟೇಲರು ರಾಜಕೀಯ ಕಲಿತದ್ದು ಈ ಗೋಪಾಲಗೌಡರ ಗರಡಿಯಲ್ಲಿ. ಬಂಗಾರಪ್ಪ, ಕಾಗೋಡು ತಿಮ್ಮಪ್ಪ ಬಂದದ್ದೂ ಅದೇ ದಾರಿಯಿಂದ. ವಿಧಾನಸಭೆಯಲ್ಲಿ ಕನ್ನಡಕ್ಕಾಗಿ, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರಿಗಾಗಿ ಗೋಪಾಲಗೌಡರು ಪಟ್ಟು ಹಿಡಿದಿದ್ದರು. ಅವರ ಪಾಲಿಗೆ ಕೊಳಗವೂ ಭಾಷೆಯೂ ಬೇರೆ ಬೇರೆ ವಿಷಯಗಳಲ್ಲ. ಅರ್ಜಿ ಯಾವ ಭಾಷೆಯಲ್ಲಿದೆ, ತೀರ್ಪು ಯಾವ ಭಾಷೆಯಲ್ಲಿದೆ ಎಂಬುದೂ ಅಳತೆಯೇ. ಓದಲಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವವನ ಪಾಲಿಗೆ ಆ ಕಾಗದವೂ ದೊಡ್ಡ ಕೊಳಗವೇ. ಪಟೇಲರ ದೆಹಲಿಯ ಕನ್ನಡ ನನಗೆ ಅರ್ಥವಾಗುವುದು ಹೀಗೆ.

ಕಾಲವನ್ನೂ ಗಮನಿಸಿ. 1965ರಲ್ಲಿ ಮದರಾಸು ಹಿಂದಿಯ ವಿರುದ್ಧ ಹೊತ್ತಿ ಉರಿದಿತ್ತು. 1967ರ ಚುನಾವಣೆಯಲ್ಲಿ ಅಲ್ಲಿ ದ್ರಾವಿಡ ಮುನ್ನೇತ್ರ ಕಳಗಂ ಅಧಿಕಾರಕ್ಕೆ ಬಂತು. ಉತ್ತರದಲ್ಲಿ ಲೋಹಿಯಾ ಅವರ ಸಂಯುಕ್ತ ಸೋಷಲಿಸ್ಟ್ ಪಕ್ಷ ಇಂಗ್ಲಿಷನ್ನು ತೆಗೆಯಿರಿ ಎಂದು ಬೀದಿಗಿಳಿದಿತ್ತು. 1967ರ ಡಿಸೆಂಬರಿನಲ್ಲಿ ಅಧಿಕೃತ ಭಾಷೆಗಳ ಕಾಯ್ದೆಗೆ ತಿದ್ದುಪಡಿಯಾಗಿ, ಹಿಂದಿಯ ಜೊತೆಗೆ ಇಂಗ್ಲಿಷ್ ಮುಂದುವರಿಯುವುದು ಗಟ್ಟಿಯಾಯಿತು. ಇಂಥ ಹೊತ್ತಿನಲ್ಲಿ ಲೋಹಿಯಾ ಪಕ್ಷದ ಕನ್ನಡಿಗನ ಸ್ಥಿತಿ ಇಕ್ಕಟ್ಟಿನದು. ಇಂಗ್ಲಿಷ್ ಬೇಡ ಎಂದರೆ ಹಿಂದಿ ಬೇಕು ಎಂದಂತೆ ಕೇಳಿಸುತ್ತದೆ. ಹಿಂದಿ ಬೇಡ ಎಂದರೆ ಇಂಗ್ಲಿಷಿನ ಪರ ನಿಂತಂತೆ. ಪಟೇಲರು ಇದನ್ನು ವಾದ ಮಾಡಿ ಬಿಡಿಸಲಿಲ್ಲ, ಕನ್ನಡದಲ್ಲಿ ಮಾತಾಡಿ ಬಿಡಿಸಿದರು. ಲೋಹಿಯಾರ ವಿಚಾರವನ್ನು ಲೋಹಿಯಾರ ಹಿಂದಿ ಅನುಯಾಯಿಗಳಿಗಿಂತ ಒಂದು ಹೆಜ್ಜೆ ಮುಂದಕ್ಕೆ ಒಯ್ದರು ಎಂದೇ ನಾನು ಹೇಳುತ್ತೇನೆ.

ಆ ಸದನದಲ್ಲಿ ಸಮಾಜವಾದಿಗಳ ಬೆಂಚು ಎಂಥದ್ದು ಗೊತ್ತೆ? ಕನೌಜಿನಿಂದ ಗೆದ್ದ ಲೋಹಿಯಾ. ಮುಂಗೇರಿನಿಂದ ಮಧು ಲಿಮಯೆ. ಮುಂಬಯಿಯಲ್ಲಿ ಎಸ್.ಕೆ. ಪಾಟೀಲರಂಥ ದಿಗ್ಗಜನನ್ನು ಸೋಲಿಸಿ ಬಂದ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಹಿಂದುಳಿದವರಿಗೂ ಹೆಂಗಸರಿಗೂ ನೂರಕ್ಕೆ 60 ಸ್ಥಾನ ಎಂದು ಪಟ್ಟು ಹಿಡಿದಿದ್ದ ಪಕ್ಷ. ಮೈಸೂರು ರಾಜ್ಯದಿಂದ ಅದರ ಚಿಹ್ನೆಯಲ್ಲಿ ಗೆದ್ದವರು ಪಟೇಲರೊಬ್ಬರೇ. ಪಕ್ಕದ ಚಿತ್ರದುರ್ಗದಿಂದ ಅದೇ ವರ್ಷ ಗೆದ್ದವರು ಜಗಳೂರಿನ ಜೆ. ಮೊಹಮದ್ ಇಮಾಂ. ಅವರು 1957ರಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದಿಂದ ಗೆದ್ದಿದ್ದವರು, 1967ರ ಹೊತ್ತಿಗೆ ಬಲಪಂಥೀಯ ಸ್ವತಂತ್ರ ಪಕ್ಷದಲ್ಲಿದ್ದರು. ಇಂದು ಒಂದೇ ಜಿಲ್ಲೆಯಲ್ಲಿರುವ ಎರಡು ತಾಲ್ಲೂಕುಗಳಿಂದ ಹೋದ ಇಬ್ಬರು, ಸದನದ ಎರಡು ತುದಿಯ ವಿಚಾರಗಳು. 1967ರ ಅಕ್ಟೋಬರ್ 12ರಂದು ಲೋಹಿಯಾ ತೀರಿಕೊಂಡರು. ಸಂಸತ್ತಿನಲ್ಲಿ ಗುರುವಿನ ಜೊತೆ ಪಟೇಲರಿಗೆ ಸಿಕ್ಕದ್ದು ಕೆಲವೇ ತಿಂಗಳು.

1971ರ ಇಂದಿರಾ ಅಲೆಯಲ್ಲಿ ಶಿವಮೊಗ್ಗ ಕಾಂಗ್ರೆಸ್ಸಿನದಾಯಿತು. ಮರುವರ್ಷ ಗೋಪಾಲಗೌಡರೂ ಹೋದರು, ಐವತ್ತೂ ತುಂಬಿರಲಿಲ್ಲ. ತುರ್ತು ಪರಿಸ್ಥಿತಿ ಬಂತು, ಪಟೇಲರು ಜೈಲು ಕಂಡರು. 1978ರಲ್ಲಿ ಜನತಾ ಪಕ್ಷದಿಂದ ಚನ್ನಗಿರಿಯ ಶಾಸಕರಾಗಿ ವಿಧಾನಸಭೆಗೆ ಬಂದರು. 1983ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದ ಮೇಲೆ ಮಂತ್ರಿಯಾದರು. 1994ರಲ್ಲಿ ಜನತಾದಳ 115 ಸ್ಥಾನ ಗೆದ್ದಾಗ ದೇವೇಗೌಡರು ಮುಖ್ಯಮಂತ್ರಿ, ಪಟೇಲರು ಉಪಮುಖ್ಯಮಂತ್ರಿ. ದೇವೇಗೌಡರು ಪ್ರಧಾನಿಯಾಗಲು ಹೊರಟಾಗ, 1996ರ ಮೇ 31ರಂದು, ಕಾರಿಗನೂರಿನ ಪಟೇಲರು ಮುಖ್ಯಮಂತ್ರಿಯಾದರು. ಸಿದ್ದರಾಮಯ್ಯ ಉಪಮುಖ್ಯಮಂತ್ರಿ.

ಈ ಮೂರೂಕಾಲು ವರ್ಷದ ಆಡಳಿತದ ಬಗ್ಗೆ ಒಳ್ಳೆಯದನ್ನೂ ಕೆಟ್ಟದ್ದನ್ನೂ ನೇರವಾಗಿ ಹೇಳಬೇಕು. ಅವರ ಹಾಸ್ಯಪ್ರಜ್ಞೆಗೆ ವಿಧಾನಸಭೆಯಲ್ಲಿ ಸಾಟಿಯಿರಲಿಲ್ಲ, ವಿರೋಧಿಗಳೂ ನಗುತ್ತಲೇ ಸೋಲುತ್ತಿದ್ದರು. ತಮ್ಮ ದೌರ್ಬಲ್ಯಗಳನ್ನು ಮುಚ್ಚಿಡದ ಮನುಷ್ಯ. ಆದರೆ ಪಕ್ಷದೊಳಗಿನ ಕಾದಾಟ ನಿಲ್ಲಲಿಲ್ಲ. ಹೆಗಡೆಯವರನ್ನು ಜನತಾದಳ 1996ರಲ್ಲೇ ಉಚ್ಚಾಟಿಸಿತ್ತು, ದೇವೇಗೌಡರ ಬಣಕ್ಕೂ ಪಟೇಲರಿಗೂ ದೂರ ಹೆಚ್ಚುತ್ತಲೇ ಹೋಯಿತು. ಸರ್ಕಾರ ತೂಕಡಿಸುತ್ತಿದೆ ಎಂಬ ದೂರು ಸುಮ್ಮನೆ ಹುಟ್ಟಿದ್ದಲ್ಲ.

ಹಾಗಿದ್ದೂ ಕೆಲಸಗಳಾದವು. ಕೃಷ್ಣಾ ನದಿಯ ಬಗ್ಗೆ ಬಚಾವತ್ ನ್ಯಾಯಾಧಿಕರಣ ಕೊಟ್ಟ ತೀರ್ಪನ್ನು 2000ದ ಮೇ 31ರ ಬಳಿಕ ಮರುಪರಿಶೀಲಿಸಬಹುದಿತ್ತು. ಅಷ್ಟರೊಳಗೆ ನಮ್ಮ ಪಾಲಿನ ನೀರು ಹಿಡಿಯುವ ಆತುರದಲ್ಲಿ, ಕೃಷ್ಣಾ ಭಾಗ್ಯ ಜಲ ನಿಗಮದ ಬಾಂಡುಗಳಿಂದ ಎತ್ತಿದ ಹಣ ಆಲಮಟ್ಟಿಗೆ ಹರಿಯಿತು. 1997ರಲ್ಲಿ ಮಾಹಿತಿ ತಂತ್ರಜ್ಞಾನ ನೀತಿ ಬಂತು. 1998ರ ಆಗಸ್ಟಿನಲ್ಲಿ ಕಾವೇರಿ ಒಪ್ಪಂದವಾಗಿ, ಪ್ರಧಾನಿ ಅಧ್ಯಕ್ಷತೆಯ ಕಾವೇರಿ ನದಿ ಪ್ರಾಧಿಕಾರ ಹುಟ್ಟಿತು.

ಇವೆಲ್ಲಕ್ಕಿಂತ ಜನರ ಓಡಾಟವನ್ನೇ ಬದಲಿಸಿದ್ದು ಹೊಸ ಜಿಲ್ಲೆಗಳು. ಜಿಲ್ಲೆಗಳನ್ನು ಒಡೆಯಬೇಕೆಂದು ಹುಂಡೇಕಾರ್ ಸಮಿತಿ, ಗದ್ದಿಗೌಡರ್ ಸಮಿತಿ ಎಂದು ವರದಿಗಳು ಬಂದು ಕಪಾಟು ಸೇರಿದ್ದವು. ಯಾವ ಊರನ್ನು ಯಾವ ಜಿಲ್ಲೆಗೆ ಸೇರಿಸಿದರೂ ಪ್ರತಿಭಟನೆ ಗ್ಯಾರಂಟಿ, ಹಾಗಾಗಿ ಯಾರೂ ಕೈಹಾಕಿರಲಿಲ್ಲ. ಪಟೇಲರು 1997ರಲ್ಲಿ ಒಂದೇ ಏಟಿಗೆ ಏಳು ಜಿಲ್ಲೆ ಮಾಡಿದರು: ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ಉಡುಪಿ, ಚಾಮರಾಜನಗರ, ದಾವಣಗೆರೆ. ಇಪ್ಪತ್ತಿದ್ದದ್ದು ಇಪ್ಪತ್ತೇಳಾಯಿತು. ಕೊಪ್ಪಳದವರು ಸಹಿಗೊಂದು, ಮುದ್ರೆಗೊಂದು ಎಂದು ರಾಯಚೂರಿನವರೆಗೆ ಬಸ್ಸು ಹಿಡಿಯುವುದು ತಪ್ಪಿತು.

ದಾವಣಗೆರೆ ಜಿಲ್ಲೆ ಮಾಡುವಾಗ ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು ಬಂದವು. ಬಳ್ಳಾರಿಯಿಂದ ಹರಪನಹಳ್ಳಿ ಬಂತು, ಮುಂದೆ ಅದು ವಾಪಸ್ಸೂ ಹೋಯಿತು. ಶಿವಮೊಗ್ಗದಿಂದ ಬಂದವು ಹೊನ್ನಾಳಿ ಮತ್ತು ಚನ್ನಗಿರಿ. ಶಿವಮೊಗ್ಗದ ಸಂಸದರಾಗಿ ಹೆಸರು ಮಾಡಿದವರು ತಮ್ಮ ಸ್ವಂತ ತಾಲ್ಲೂಕನ್ನೇ ಶಿವಮೊಗ್ಗದಿಂದ ಬಿಡಿಸಿದರು. ಸಂತೇಬೆನ್ನೂರಿನ ಕಡೆಯವರಿಗೆ ಇದರಿಂದ ಜಿಲ್ಲಾಕೇಂದ್ರ ಹತ್ತಿರವಾಯಿತು. ಚನ್ನಗಿರಿ ಪೇಟೆಯವರಿಗೆ ಹಾಗಲ್ಲ, ಅವರಿಗೆ ಶಿವಮೊಗ್ಗವೇ ಹತ್ತಿರ. ಆಗ ಹೊನ್ನಾಳಿ ತಾಲ್ಲೂಕಿನಲ್ಲಿದ್ದು ಈಗ ತಾನೇ ತಾಲ್ಲೂಕಾಗಿರುವ ನ್ಯಾಮತಿಯವರಿಗಂತೂ ಶಿವಮೊಗ್ಗ ಪಕ್ಕದಲ್ಲೇ ಇದೆ. ಆಸ್ಪತ್ರೆಗೆ, ಅಡಿಕೆ ವ್ಯಾಪಾರಕ್ಕೆ, ಕಾಲೇಜಿಗೆ ಶಿವಮೊಗ್ಗ, ಸರ್ಕಾರಿ ಕಾಗದಕ್ಕೆ ದಾವಣಗೆರೆ: ಈ ಎರಡು ದೋಣಿಯ ಪಯಣ ಅಲ್ಲಿನ ಮನೆಮನೆಗೂ ಗೊತ್ತು. ಅಧಿಕಾರವನ್ನು ಹತ್ತಿರ ತರುವ ಒಳ್ಳೆಯ ಕೆಲಸದಲ್ಲೂ ಗೆರೆ ಎಳೆದ ಜಾಗದಲ್ಲಿ ಯಾರಿಗೋ ದೂರವಾಗುತ್ತದೆ. ಅವರ ಅಸಮಾಧಾನ ನ್ಯಾಯವಾದದ್ದೇ.

1999 ಪಟೇಲರ ಪಾಲಿಗೆ ಕಠಿಣ ವರ್ಷ. ವಿಧಾನಸಭೆ ವಿಸರ್ಜನೆಗೆ ಶಿಫಾರಸು ಮಾಡಿದರು, ಜನತಾದಳ ಎರಡಾಯಿತು. ಪಟೇಲರು ಹೆಗಡೆ, ಫರ್ನಾಂಡಿಸ್ ಜೊತೆ ಸಂಯುಕ್ತ ಜನತಾದಳಕ್ಕೆ ಹೋಗಿ ಬಿಜೆಪಿಯ ಜೊತೆಗೂಡಿದರು. ದೇವೇಗೌಡ, ಸಿದ್ದರಾಮಯ್ಯ ಇನ್ನೊಂದು ದಳದಲ್ಲಿ ಉಳಿದರು. ಕಾಗೋಡಿನ ಗರಡಿಯಲ್ಲಿ ಬೆಳೆದವರು ಆ ಮೈತ್ರಿಗೆ ಒಪ್ಪಿದ್ದನ್ನು ಅವರನ್ನು ಪ್ರೀತಿಸುತ್ತಿದ್ದ ಎಷ್ಟೋ ಸಮಾಜವಾದಿಗಳು ನುಂಗಿಕೊಳ್ಳಲಿಲ್ಲ, ನನಗೂ ಅದು ಒಪ್ಪಿಗೆಯಾಗದ ತಿರುವು. ಕಾಂಗ್ರೆಸ್ 132 ಸ್ಥಾನ ಗೆದ್ದಿತು, ಸಂಯುಕ್ತ ದಳಕ್ಕೆ 18, ಇನ್ನೊಂದು ದಳಕ್ಕೆ 10. ಚನ್ನಗಿರಿಯಲ್ಲಿ ಪಟೇಲರೇ ಸೋತರು, ವಡ್ನಾಳ್ ರಾಜಣ್ಣ ಗೆದ್ದರು. ಹದಿನಾಲ್ಕು ತಿಂಗಳ ಬಳಿಕ, 2000ದ ಡಿಸೆಂಬರ್ 12ರಂದು, ಬೆಂಗಳೂರಿನ ಆಸ್ಪತ್ರೆಯಲ್ಲಿ ಎಪ್ಪತ್ತರ ಪಟೇಲರು ತೀರಿಕೊಂಡರು. ಅವರ ಸಮಾಧಿ ಕಾರಿಗನೂರಿನಲ್ಲಿದೆ.

ಇಂದು ಲೋಕಸಭೆಯಲ್ಲಿ ಕನ್ನಡದ ಮಾತಿಗೆ ಅನುವಾದಕರಿದ್ದಾರೆ. ಸಂಸದರು ಕನ್ನಡದಲ್ಲಿ ಮಾತಾಡಿದರೆ ಉಳಿದವರಿಗೆ ಕಿವಿಯ ಯಂತ್ರದಲ್ಲಿ ಅರ್ಥ ಸಿಗುತ್ತದೆ. 120ನೇ ವಿಧಿಯ ಆ ಷರತ್ತು ಮಾತ್ರ 1967ರಲ್ಲಿದ್ದ ಹಾಗೆಯೇ ಇದೆ.